'ತದ್ವಿರುದ್ಧ' ಅಂದ್ರೆ 'ತುಂಬಾ ವಿರುದ್ಧ' ಅಂತಾನಾ?

ಪ್ರಶ್ನೆ: ಸಾರ್, ವಿರುದ್ಧಕ್ಕೂ ತದ್ವಿರುದ್ಧಕ್ಕೂ ಏನ್ ವ್ಯತ್ಯಾಸ? 'ತದ್' ಸೇರಿದ್ರೆ ಜೋರಾಗುತ್ತೆ, ಅಂದ್ರೆ 'ತುಂಬಾ ವಿರುದ್ಧ' ಅಂತಾರಲ್ಲ, ಸರೀನಾ?

ಬಂತಪ್ಪಾ ಮತ್ತೆ ಇದೇ. ಬಳಕೆಯ ಅರ್ಥ ಮೊದಲು ಹೇಳಿಬಿಡ್ತೀನಿ: ತದ್ವಿರುದ್ಧ ಅಂದ್ರೆ ಪೂರ್ತಿ ಉಲ್ಟಾ. ಅಕ್ಕ ಬಾಯಿಬಡುಕಿ, ತಂಗಿ ಅದಕ್ಕೆ ತದ್ವಿರುದ್ಧ, ಕರೆದ್ರೂ ಮಾತಾಡಲ್ಲ. ಬರೀ ಸಣ್ಣ ಭಿನ್ನಾಭಿಪ್ರಾಯಕ್ಕೆ ಈ ಪದ ಬೇಡ, 'ಸ್ವಲ್ಪ ತದ್ವಿರುದ್ಧ' ಅಂತಂತೂ ದಯವಿಟ್ಟು ಬರೀಬೇಡಿ.

ಆದ್ರೆ 'ತದ್' ಅಂದ್ರೆ ತುಂಬಾ ಅಂತ ಯಾರು ಹಬ್ಬಿಸಿದ್ರೋ ಗೊತ್ತಿಲ್ಲ, ಎಷ್ಟು ಸಲ ಹೇಳಿದ್ರೂ ಹೋಗ್ತಾ ಇಲ್ಲ. ಅದು ಸಂಸ್ಕೃತದ 'ತತ್', 'ಅದು' ಅಂತ ಅರ್ಥ, ಅಷ್ಟೇ. ತತ್ + ವಿರುದ್ಧ, 'ಅದಕ್ಕೆ ವಿರುದ್ಧವಾದದ್ದು'. ತ್ ಹೋಗಿ ದ್ ಬಂದಿದ್ದು ಜಶ್ತ್ವ ಸಂಧಿ, ಹೈಸ್ಕೂಲಲ್ಲಿ ಜಗತ್ + ಈಶ = ಜಗದೀಶ ಅಂತ ಉರು ಹೊಡೆದಿದ್ರಲ್ಲ, ಅದೇ. ತದ್ಭವ ಅಂದ್ರೆ ಅದರಿಂದ ಹುಟ್ಟಿದ್ದು, ತತ್ಸಮ ಅಂದ್ರೆ ಅದಕ್ಕೆ ಸಮ, ತದನಂತರ ಅಂದ್ರೆ ಅದಾದ ಮೇಲೆ. ಇಲ್ಲೆಲ್ಲಾ 'ತುಂಬಾ' ಹಾಕಿ ನೋಡಿ, ತದ್ಭವ 'ತುಂಬಾ ಹುಟ್ಟಿದ್ದು' ಆಗುತ್ತೆ, ತತ್ಕಾಲ್ ಟಿಕೆಟ್ಟು 'ತುಂಬಾ ಕಾಲದ ಟಿಕೆಟ್ಟು' ಆಗುತ್ತೆ (ಬುಕ್ ಮಾಡೋಕೆ ಕೂತವರು ಅದೇ ಸರಿ ಅನ್ಬಹುದು ಬಿಡಿ).

ಈ ಗೊಂದಲ ಯಾಕೆ ಹುಟ್ತು ಅಂತ ನನಗೊಂದು ಗುಮಾನಿ ಇದೆ. ಕನ್ನಡದಲ್ಲಿ ನಿಜವಾಗ್ಲೂ ಪದದ ಮುಂದೆ ಒಂದು ತುಣುಕು ಅಂಟಿಸಿ ಜೋರು ಮಾಡ್ತೀವಿ, ತುದಿ ತುತ್ತತುದಿ ಆಗುತ್ತೆ, ನಡು ನಟ್ಟನಡು, ಕಡೆ ಕಟ್ಟಕಡೆ, ಬಯಲು ಬಟ್ಟಬಯಲು. ತದ್ವಿರುದ್ಧಾನೂ ಇದೇ ಗುಂಪಿನದು ಅನ್ಕೊಂಡಿರಬೇಕು. ಆದ್ರೆ ಗಮನಿಸಿ, ಇಲ್ಲೆಲ್ಲಾ ಮುಂದೆ ಬರೋದು ಅದೇ ಪದದ ಮೊದಲ ಅಕ್ಷರದ ಸದ್ದು, ತುದಿಗೆ ತು, ಬಯಲಿಗೆ ಬ. ಆ ಲೆಕ್ಕದಲ್ಲಿ ವಿರುದ್ಧದ ಮುಂದೆ 'ವಿ' ಬರಬೇಕಿತ್ತು, 'ತ' ಎಲ್ಲಿಂದ ಬರುತ್ತೆ ಸ್ವಾಮಿ?

ಇನ್ನು ಕೆಲವು ಪಂಡಿತರು 'ಅದಕ್ಕೆ ತದ್ವಿರುದ್ಧ' ಅಂದ್ರೆ ಎರಡು ಸಲ 'ಅದು' ಬಂತು, ತಪ್ಪು ಅಂತಾರೆ. ಬಿಡ್ರೀ, ಕನ್ನಡದವರು ಅದನ್ನ ಬಿಡಿಸಿ ನೋಡದೆ ಒಂದೇ ಪದವಾಗಿ ತಗೊಂಡು ಬಹಳ ಕಾಲ ಆಯ್ತು.

ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ, ಯಾಕಂದ್ರೆ ನಿಜವಾಗ್ಲೂ ಎಡವೋದು ಇಲ್ಲಿ. 'ವಿರುದ್ಧ'ದ ಹಿಂದೆ ಬರೋ ವಿಭಕ್ತಿ ಬದಲಾದ್ರೆ ಅರ್ಥಾನೇ ಬದಲಾಗುತ್ತೆ. 'ಕಾನೂನಿಗೆ ವಿರುದ್ಧವಾಗಿ ಮನೆ ಕಟ್ಟಿದ' ಅಂದ್ರೆ ರೂಲ್ಸ್ ಮುರಿದ. 'ಕಾನೂನಿನ ವಿರುದ್ಧ ಧರಣಿ ಕೂತ' ಅಂದ್ರೆ ಆ ಕಾನೂನೇ ಬೇಡ ಅಂತ ಹೋರಾಡ್ತಿದಾನೆ, ಯಾವ ರೂಲ್ಸನ್ನೂ ಮುರಿದಿಲ್ಲದೇ ಇರಬಹುದು. 'ಗೆ' ಬಂದ್ರೆ ಹೊಂದಲ್ಲ ಅಂತ, 'ಇನ' ಬಂದ್ರೆ ಎದುರು ನಿಂತಿದಾನೆ ಅಂತ. ಅದಕ್ಕೇ ಮ್ಯಾಚು 'ಆಸ್ಟ್ರೇಲಿಯಾದ ವಿರುದ್ಧ' ಆಡ್ತೀವಿ, ಕೇಸು 'ಅವನ ವಿರುದ್ಧ' ಹಾಕ್ತೀವಿ, 'ಅವನಿಗೆ ವಿರುದ್ಧ ಕೇಸು' ಅಂತ ಯಾರೂ ಅನ್ನಲ್ಲ. ತದ್ವಿರುದ್ಧಕ್ಕೆ ಮಾತ್ರ ಈ ತಾಪತ್ರಯ ಇಲ್ಲ, ಅದು ಸಾಮಾನ್ಯವಾಗಿ 'ಗೆ', 'ಕ್ಕೆ' ಜೊತೇಲೇ ಬರುತ್ತೆ.

ಹಾಂ, ಕೊನೇ ಅಕ್ಷರ ದ್ಧ, ದ್ದ ಅಲ್ಲ. ಯುದ್ಧ, ಶುದ್ಧ, ಬುದ್ಧ ಇದ್ದ ಹಾಗೆ.