ಖಾನೇಷುಮಾರಿ ತಲೆ ಎಣಿಸಿತು, ಹೆಸರು ಉಳಿಸಲಿಲ್ಲ

ಪೌತಿ ಖಾತೆಗೆಂದು ವಂಶವೃಕ್ಷ ಮಾಡಿಸಲು ನಾಡಕಚೇರಿಗೆ ಹೋದವರಿಗೆ ಸಾಮಾನ್ಯವಾಗಿ ತಾತನ ಹೆಸರಿನವರೆಗೆ ಹೇಳಿದರೆ ಸಾಕಾಗುತ್ತದೆ. ಅದರಾಚೆಗೂ ತಿಳಿಯಬೇಕೆಂಬ ಆಸೆ ಹುಟ್ಟಿದವರಿಗೆ ಬಿಡುವಿನ ವೇಳೆಯಲ್ಲಿ ನೆರವಾಗುವ ನಾಲ್ಕೈದು ಮಂದಿ ಚಿಂತಾಮಣಿಯ ಸುತ್ತಮುತ್ತ ಇದ್ದೇವೆ. ನಮ್ಮಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು, ಒಬ್ಬರು ಹಳೆಯ ಮೋಡಿ ಬರವಣಿಗೆ ಓದಬಲ್ಲವರು. ಬಂದವರು ಮೊದಲು ಕೇಳುವ ಪ್ರಶ್ನೆ ಮಾತ್ರ ಬದಲಾಗುವುದೇ ಇಲ್ಲ: “1881ರಲ್ಲೇ ಜನಗಣತಿ ಆಯಿತಲ್ಲ ಸಾರ್, ಅದರಲ್ಲಿ ನಮ್ಮ ಮುತ್ತಾತನ ಹೆಸರು ಎಲ್ಲಿ ಸಿಗುತ್ತದೆ?”

ಎಲ್ಲಿಯೂ ಸಿಗುವುದಿಲ್ಲ. ಅದೇಕೆ ಎಂದು ವಿವರಿಸಲು ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ಈ ಪ್ರಶ್ನೆ ಹುಟ್ಟುವುದೇ ಹೊರದೇಶದ ಸುದ್ದಿ ಓದಿದ್ದರಿಂದ. ಬ್ರಿಟನ್ನಿನಲ್ಲಿ ಗಣತಿಯ ಮನೆಪಟ್ಟಿಗಳನ್ನು ನೂರು ವರ್ಷ ಮುಚ್ಚಿಟ್ಟು ಆಮೇಲೆ ಸಾರ್ವಜನಿಕರಿಗೆ ತೆರೆಯುತ್ತಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ 1921ರ ಪಟ್ಟಿಗಳು 2022ರ ಜನವರಿಯಲ್ಲಿ ತೆರೆದವು. ಅಮೆರಿಕದಲ್ಲಿ ಈ ಗಡುವು 72 ವರ್ಷ, ಹಾಗಾಗಿ 1950ರ ಪಟ್ಟಿಗಳು ಅದೇ ವರ್ಷ ಏಪ್ರಿಲ್‌ನಲ್ಲಿ ಬಂದವು. ಬ್ರಿಟನ್ನಿನ ಸ್ವಯಂಸೇವಕರು ಫ್ರೀಸೆನ್‌ನಂಥ ಯೋಜನೆಗಳಲ್ಲಿ ಸೇರಿ, ಹತ್ತೊಂಬತ್ತನೆಯ ಶತಮಾನದ ಕೈಬರಹದ ಪಟ್ಟಿಗಳನ್ನು ಸಾಲುಸಾಲಾಗಿ ನಕಲು ಮಾಡಿ, ಯಾರು ಬೇಕಾದರೂ ಉಚಿತವಾಗಿ ಹುಡುಕುವಂತೆ ಮಾಡಿದ್ದಾರೆ. ಆ ಪಟ್ಟಿಗಳಲ್ಲೂ ಎಡವಟ್ಟುಗಳಿಲ್ಲದೆ ಇಲ್ಲ: 1841ರ ಗಣತಿಯಲ್ಲಿ ಹದಿನೈದು ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಬೇಕೆಂಬ ಸೂಚನೆ ಇದ್ದುದರಿಂದ, ಮೂವತ್ತನಾಲ್ಕರ ಗೃಹಸ್ಥ ಮೂವತ್ತರವನಾಗಿ ಕೂತಿದ್ದಾನೆ. ಆದರೂ ಅವನ ಹೆಸರಾದರೂ ಅಲ್ಲಿದೆ.

ನಮ್ಮಲ್ಲಿ ಎಣಿಕೆಗೇನೂ ಕೊರತೆ ಇರಲಿಲ್ಲ. ಹಳೆಯ ಮೈಸೂರಿನವರು ಜನಗಣತಿಗೆ ಇಟ್ಟುಕೊಂಡಿದ್ದ ಹೆಸರು ಖಾನೇಷುಮಾರಿ. ಪಾರಸಿಯಲ್ಲಿ ಖಾನೆ ಎಂದರೆ ಮನೆ, ಷುಮಾರಿ ಎಂದರೆ ಎಣಿಕೆ. ಸಂಸ್ಥಾನದಲ್ಲಿ ಕ್ರಮಬದ್ಧ ಗಣತಿ ನಡೆದದ್ದು 1871ರಲ್ಲಿ. ಹತ್ತು ವರ್ಷದ ಮೇಲೆ, 1881ರ ಫೆಬ್ರವರಿ 17ರ ರಾತ್ರಿ, ದೇಶದ ಉದ್ದಗಲಕ್ಕೂ ಒಂದೇ ದಿನ ಗಣತಿಯಾಯಿತು. ಆಗ ಮೈಸೂರಿನ ವರದಿ ಬರೆದವರು ನಮ್ಮ ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್. ಗಣತಿದಾರನ ಪಟ್ಟಿಯಲ್ಲಿ ಹೆಸರಿಗೊಂದು ಕಾಲಂ ಇದ್ದೇ ಇತ್ತು. ಹೆಂಗಸರ ಹೆಸರು ಹೇಳಲು ಮನೆಯವರು ಒಪ್ಪದಿದ್ದರೆ ಬರೀ ‘ಹೆಂಗಸು’ ಎಂದು ಬರೆದುಕೊಳ್ಳಲು ಆ ಕಾಲದ ಸೂಚನೆಗಳಲ್ಲಿ ಅವಕಾಶವಿತ್ತು. ಆದರೆ ಸರ್ಕಾರಕ್ಕೆ ಬೇಕಾಗಿದ್ದದ್ದು ಮೊತ್ತ. ಪಟ್ಟಿಯಿಂದ ವಯಸ್ಸು, ಮತ, ಜಾತಿ, ಕಸುಬುಗಳನ್ನು ಕೂಡಿ ಕೋಷ್ಟಕಕ್ಕೆ ಏರಿಸಿದ ಮೇಲೆ ಪಟ್ಟಿಯ ಕೆಲಸ ಮುಗಿಯಿತು. ಆ ರಾಶಿ ಕಾಗದವನ್ನು ಉಳಿಸಿಕೊಳ್ಳುವ ಪದ್ಧತಿಯೇ ಇರಲಿಲ್ಲ. 1901ರಲ್ಲಿ ಬಂದ ಚೀಟಿ ಪದ್ಧತಿಯಂತೂ ಹೆಸರನ್ನು ಇನ್ನಷ್ಟು ಬೇಗ ಕಳಚಿಹಾಕಿತು. ಒಬ್ಬೊಬ್ಬರಿಗೆ ಒಂದೊಂದು ಚೀಟಿ, ಮತಕ್ಕೊಂದು ಬಣ್ಣ, ಗಂಡು ಹೆಣ್ಣಿಗೆ, ಮದುವೆ ಆದವರಿಗೆ ಆಗದವರಿಗೆ ಬೇರೆ ಬೇರೆ ಗುರುತು. ಗೂಡುಗಳಿಗೆ ಹಾಕಿ ವಿಂಗಡಿಸಿ ಎಣಿಸಿದರೆ ಆಯಿತು.

1931ರಲ್ಲಿ ಮೈಸೂರಿನ ಗಣತಿಯ ಹೊಣೆ ಹೊತ್ತವರು ಇದೇ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಎಂಬುದನ್ನು ಇಲ್ಲಿ ಹೇಳದೆ ಇರಲಾರೆ. ಒಬ್ಬೊಬ್ಬ ಸಾಮಾನ್ಯನ ಬದುಕನ್ನು ಕಥೆಯಾಗಿಸಿದ ಕೈಯೇ ಲಕ್ಷಗಟ್ಟಲೆ ಜನರನ್ನು ಕೋಷ್ಟಕಕ್ಕೆ ಇಳಿಸಿತು.

ಸ್ವಾತಂತ್ರ್ಯಾನಂತರ ಬಾಗಿಲು ಕಾನೂನಿನಿಂದಲೇ ಮುಚ್ಚಿತು. 1948ರ ಜನಗಣತಿ ಕಾಯಿದೆಯ 15ನೆಯ ಕಲಮಿನ ಪ್ರಕಾರ ಗಣತಿದಾರ ಬರೆದುಕೊಂಡದ್ದನ್ನು ನೋಡುವ ಹಕ್ಕು ಯಾರಿಗೂ ಇಲ್ಲ. ಜನ ಹೆದರದೆ ಉತ್ತರ ಕೊಡಲಿ ಎಂಬುದು ಅದರ ಉದ್ದೇಶ, ಆ ಮಟ್ಟಿಗೆ ತಪ್ಪೇನಿಲ್ಲ. ಆದರೆ ಇಷ್ಟು ವರ್ಷವಾದ ಮೇಲೆ ತೆರೆಯಬಹುದೆಂಬ ಮಾತು ಆ ಕಲಮಿನಲ್ಲಿ ಬರುವುದಿಲ್ಲ. ಕಾಗದ ಉಳಿದರೆ ಏನಾಗುತ್ತದೆ ಎಂಬುದಕ್ಕೆ ಅಸ್ಸಾಂ ಸಾಕ್ಷಿ: 1951ರ ಗಣತಿಯ ಚೀಟಿಗಳಿಂದ ಬರೆದಿಟ್ಟ ಪೌರರ ನೋಂದಣಿಯನ್ನು ಹಿಡಿದು ಅಲ್ಲಿನ ಜನ ತಮ್ಮ ಅಜ್ಜಂದಿರನ್ನು ಹುಡುಕಬೇಕಾಯಿತು, ಅದೂ ಭಯದಿಂದ.

ಈ ವ್ಯತ್ಯಾಸ ಕಣ್ಣಿಗೆ ಹೊಡೆದಂತೆ ಕಾಣುವ ಜಾಗ ಕೆಜಿಎಫ್. 1880ರ ದಶಕದಿಂದ ಜಾನ್ ಟೇಲರ್ ಕಂಪನಿಯ ಗಣಿಗಳಿಗೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿಗಾರರು ಬಂದರು. ಬಂಡೆ ಒಡೆಯಲು ತಮಿಳು, ತೆಲುಗು ಸೀಮೆಗಳಿಂದ ಸಾವಿರಾರು ಕುಟುಂಬಗಳು ಬಂದವು. 1901ರ ಮಾರ್ಚ್ 1ರ ರಾತ್ರಿ ಗಣತಿದಾರ ಇಬ್ಬರನ್ನೂ ಎಣಿಸಿದ, ಇಬ್ಬರ ಹೆಸರೂ ನಮ್ಮ ಗಣತಿಯಲ್ಲಿ ಉಳಿಯಲಿಲ್ಲ. ಆದರೆ ಕಾರ್ನ್‌ವಾಲ್‌ನ ಮೊಮ್ಮಕ್ಕಳಿಗೆ ದಾರಿ ತಪ್ಪುವುದಿಲ್ಲ. ಅಲ್ಲಿನ ಪಟ್ಟಿಯಲ್ಲಿ ಹೆಂಡತಿ ಮಕ್ಕಳಿದ್ದು ಯಜಮಾನನೊಬ್ಬನೇ ಕಾಣದಿದ್ದರೆ, ಅವನು ದಕ್ಷಿಣ ಆಫ್ರಿಕಾಕ್ಕೋ ಕೋಲಾರಕ್ಕೋ ಹೋಗಿರಬೇಕೆಂದು ಊಹಿಸಿ, ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ದಾಖಲೆ ತೆಗೆಯುತ್ತಾರೆ. ಇಲ್ಲಿ ಬಂದು ಸಮಾಧಿಯ ಕಲ್ಲನ್ನೂ ಓದುತ್ತಾರೆ. ಅದೇ ಸುರಂಗಕ್ಕೆ ಇಳಿದ ಕೂಲಿಯ ಮರಿಮಗನಿಗೆ ಚರ್ಚಿನ ಪುಸ್ತಕವಿದ್ದರೆ ಅದೊಂದು, ಇಲ್ಲದಿದ್ದರೆ ಅಜ್ಜಿಯ ಬಾಯಿಮಾತು.

ಹಾಗೆಂದು ಹಳೆಯ ವರದಿಗಳು ನಿರುಪಯೋಗಿ ಅಲ್ಲ. 1871ರಲ್ಲಿ 50,55,412 ಇದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದದ್ದನ್ನು ಅವೇ ಹೇಳುತ್ತವೆ. ನಡುವೆ ಬಂದದ್ದು ಧಾತು, ಈಶ್ವರ ಸಂವತ್ಸರಗಳ ಬರ. ಕೋಲಾರ, ತುಮಕೂರು ಜಿಲ್ಲೆಗಳಿಗೆ ಬಿದ್ದ ಹೊಡೆತ ದೊಡ್ಡದು. ಮನೆತನದ ಕಥೆ ಅಲ್ಲಿಗೆ ಹೋಗಿ ಥಟ್ಟನೆ ನಿಂತುಬಿಟ್ಟರೆ ಅದು ಹುಡುಕುವವರ ತಪ್ಪಲ್ಲ. ಊರಿನ ಹೆಸರು ಮಾತ್ರ ನೋಡಿಕೊಳ್ಳಬೇಕು: ಬಂಗಾರಪೇಟೆ ಹಳೆಯ ವರದಿಗಳಲ್ಲಿ ಬೌರಿಂಗ್‌ಪೇಟೆ, ಮಧುಗಿರಿ ಅಲ್ಲಿ ಮದ್ದಗಿರಿ, ಮತ್ತು 2007ಕ್ಕೆ ಮುಂಚಿನ ಯಾವ ಕಾಗದದಲ್ಲೂ ಚಿಕ್ಕಬಳ್ಳಾಪುರ ಜಿಲ್ಲೆ ಎಂಬುದಿಲ್ಲ, ಎಲ್ಲ ಕೋಲಾರವೇ.

ಹೆಸರು ಬೇಕೆಂದರೆ ಕಂದಾಯದ ಕಡೆಗೆ ತಿರುಗಬೇಕು. ತುಮಕೂರಿನ ಕಡೆಯ ಕೆಲವು ಮನೆತನಗಳಿಗೆ ಎತ್ತಿನ ಮೇಲೆ ಬಂದು ಏಳು ತಲೆಮಾರು ಹೇಳುವ ಹೆಳವರಿದ್ದಾರೆ. ಉಳಿದವರಿಗೆ ಶಾನುಭೋಗರ ಲೆಕ್ಕವೇ ಗತಿ. ಹಳೆಯ ದಫ್ತರುಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಯೋಜನೆ 2024ರಲ್ಲಿ ಆರಂಭವಾದದ್ದು ನಮ್ಮಂಥವರಿಗೆ ದೊಡ್ಡ ಅನುಕೂಲ. ಆದರೆ ಶಾನುಭೋಗಿಕೆ ರದ್ದಾದಾಗ ಮನೆಯ ಅಟ್ಟದಲ್ಲೇ ಉಳಿದುಹೋದದ್ದು ಸ್ಕ್ಯಾನಿಗೆ ಬರುವುದಿಲ್ಲ. ಹೋದ ವರ್ಷ ಅಂಥ ಒಂದು ಮನೆಯಲ್ಲಿ ನಮಗೊಂದು ಕಡತ ಸಿಕ್ಕಿತು. ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು ಗಟ್ಟಿ ಮಾಡಿದ ಬಟ್ಟೆ, ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳುತ್ತದೆ. ಬಳಪದ ಅಕ್ಷರ ಒರೆಸಿ ಮತ್ತೆ ಬರೆಯುವ ವಸ್ತುವಾದ್ದರಿಂದ ಅರ್ಧ ಓದಲಾಗಲಿಲ್ಲ. ಅದರ ಜೊತೆಗಿದ್ದ ಕಾಗದದ ಕಟ್ಟು ಹೆಚ್ಚು ಮಾತಾಡಿತು. ಪ್ರತಿ ಸಾಲಿನಲ್ಲೂ ಇಂಥವನು ‘ಬಿನ್’ ಇಂಥವನು, ಗಂಡ ಸತ್ತು ಜಮೀನು ಹೆಂಡತಿಗೆ ಬಂದಲ್ಲಿ ಇಂಥವಳು ‘ಕೋಂ’ ಇಂಥವನು: ಎಂದರೆ ಒಂದು ಸಾಲಿಗೆ ಎರಡು ಹೆಸರು. ಇಸವಿ ಇರಲಿಲ್ಲ, ‘ಈಶ್ವರ ಸಂ॥’ ಎಂದಷ್ಟೇ ಇತ್ತು. ಈಶ್ವರ ಅರವತ್ತು ವರ್ಷಕ್ಕೊಮ್ಮೆ ಬರುತ್ತದೆ. 1817 ಇರಬಹುದು, 1877 ಇರಬಹುದು, 1937ಕ್ಕೂ ಅಡ್ಡಿಯಿಲ್ಲ. ಪುಟ ತಿರುಗಿಸಿದರೆ ಸಾಲುಸಾಲಾಗಿ ಜಮೀನು ಬಿಟ್ಟುಕೊಟ್ಟ ರಾಜೀನಾಮೆಗಳು. ಮೇಷ್ಟ್ರು ಕನ್ನಡಕ ತೆಗೆದು, “ಇದು ಬರದ ಈಶ್ವರವೇ” ಎಂದರು.

ಆ ಪುಟದ ಕೆಲವು ಮನೆತನದವರು ಈಗ ಆ ಊರಿನಲ್ಲಿಲ್ಲ. ಅವರು ಎಲ್ಲಿಗೆ ಹೋದರೆಂದು ಅಕ್ಕಪಕ್ಕದ ಹೋಬಳಿಗಳ ದಾಖಲೆಗಳಲ್ಲಿ ನೋಡುವ ಕೆಲಸವನ್ನು ಈ ಬೇಸಿಗೆಗೆ ಇಟ್ಟುಕೊಂಡಿದ್ದೇವೆ.