ಮೊಬೈಲ್ ಕಿತ್ತುಕೊಂಡರೆ ಮಗ ರಂಪ ಮಾಡುತ್ತಾನೆ, ಏನು ಮಾಡಲಿ?

ಪ್ರಶ್ನೆ: ನನ್ನ ಮಗನಿಗೆ ಏಳು ವರ್ಷ. ಕೈಯಿಂದ ಮೊಬೈಲ್ ತೆಗೆದುಕೊಂಡರೆ ಸಾಕು, ಕಿರುಚಾಡಿ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾನೆ. ನಾನು ಒಂದೆರಡು ಸಲ ಅವನಿಗೆ ಹೊಡೆದದ್ದೂ ಉಂಟು. ಕೊನೆಗೆ ಮೊಬೈಲ್ ಕೊಟ್ಟರೆ ಮಾತ್ರ ಸುಮ್ಮನಾಗುತ್ತಾನೆ. ಏನು ಮಾಡಬೇಕು?

ಉತ್ತರ: ಕಿರುಚಿದರೆ ಮೊಬೈಲ್ ಮರಳಿ ಸಿಗುತ್ತದೆ ಎಂಬುದನ್ನು ನಿಮ್ಮ ಮಗ ಅನುಭವದಿಂದಲೇ ಕಲಿತಿದ್ದಾನೆ. ಒಂದು ದಿನ ಕೊಟ್ಟು ಇನ್ನೊಂದು ದಿನ ನಿರಾಕರಿಸಿದರೆ ಹಠ ಮತ್ತಷ್ಟು ಗಟ್ಟಿಯಾಗುತ್ತದೆ. ಇನ್ನೂ ಸ್ವಲ್ಪ ಹೊತ್ತು ಅತ್ತರೆ ಸಿಕ್ಕೀತು ಎಂಬ ಆಸೆ ಅವನಲ್ಲಿ ಉಳಿದೇ ಇರುತ್ತದೆ. ಆದ್ದರಿಂದ ನಿಯಮವನ್ನು ಬಿಗಿಗೊಳಿಸಿದ ಮೊದಲ ಕೆಲವು ದಿನ ರಂಪ ಕಡಿಮೆಯಾಗುವ ಬದಲು ಹೆಚ್ಚಾಗಬಹುದು. ಆ ದಿನಗಳಲ್ಲಿ ಅಜ್ಜಿ, ತಾತ ಸೇರಿದಂತೆ ಮನೆಯವರೆಲ್ಲರೂ ಒಂದೇ ಮಾತಿಗೆ ನಿಲ್ಲಬೇಕು.

ಸಿಟ್ಟು ಬರುವುದು ತಪ್ಪಲ್ಲ, ಎಸೆಯುವುದು ತಪ್ಪು. ಆವೇಗವನ್ನು ತಡೆಹಿಡಿಯುವ ಮಿದುಳಿನ ಮುಂಭಾಗ ಪೂರ್ಣವಾಗಿ ಬಲಿಯುವುದು ಸುಮಾರು 25ನೆಯ ವಯಸ್ಸಿನ ಹೊತ್ತಿಗೆ. ಏಳು ವರ್ಷದ ಮಗುವಿಗೆ ಕೋಪ ನೆತ್ತಿಗೇರಿದಾಗ ಉಪದೇಶ ಕಿವಿಗೆ ಬೀಳುವುದಿಲ್ಲ. ಎಸೆಯಬಹುದಾದ ವಸ್ತುಗಳನ್ನು ಸರಿಸಿ, ಹತ್ತಿರವೇ ಕುಳಿತು, "ಆಟ ಅರ್ಧಕ್ಕೆ ನಿಂತಿತು ಅಂತ ಸಿಟ್ಟು ಬಂದಿದೆ ಅಲ್ವಾ? ಬರಲಿ. ಆದರೆ ಎಸೆಯೋ ಹಾಗಿಲ್ಲ" ಎಂದಷ್ಟೇ ಹೇಳಿ ಕಾಯಿರಿ. ಮಿಕ್ಕ ಮಾತು ಅವನು ತಣ್ಣಗಾದ ಮೇಲೆ. ಹೊಡೆತವಂತೂ ಬೇಡವೇ ಬೇಡ. ಸಿಟ್ಟು ಬಂದಾಗ ಬಲವಿದ್ದವರು ಕೈ ಎತ್ತಬಹುದು ಎಂಬುದನ್ನಷ್ಟೇ ಅವನು ಅದರಿಂದ ಕಲಿಯುತ್ತಾನೆ.

ಇನ್ನು ಮೊಬೈಲ್ ವಿಷಯ. ಒಂದು ವಿಡಿಯೊ ಮುಗಿಯುತ್ತಿದ್ದಂತೆ ಮತ್ತೊಂದು ತಾನಾಗಿ ಶುರುವಾಗುವುದರಿಂದ ಮಗುವಿಗೆ ನಿಲ್ಲಿಸುವ ಜಾಗವೇ ಸಿಗುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಆಟೋಪ್ಲೇ ಆಫ್ ಮಾಡಿ. ಕೈಗೆ ಕೊಡುವ ಮೊದಲೇ, "ಈ ಎರಡು ಕಂತು ಮುಗಿದ ಮೇಲೆ ನೀನೇ ಆಫ್ ಮಾಡಿ ತಂದುಕೊಡಬೇಕು" ಎಂದು ಮಾತಾಗಲಿ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಬದಲಾವಣೆ ಇದು: ಕಿತ್ತುಕೊಂಡಾಗ ಮಗು ಸೋಲುತ್ತದೆ, ತಾನೇ ತಂದುಕೊಟ್ಟಾಗ ತನ್ನ ಮೇಲೆ ತನಗೇ ಭರವಸೆ ಹುಟ್ಟುತ್ತದೆ. ಭಾರತೀಯ ಮಕ್ಕಳ ವೈದ್ಯರ ಸಂಘದ ಸಲಹೆಯಂತೆ 5ರಿಂದ 10 ವರ್ಷದವರಿಗೆ ಟಿವಿ, ಮೊಬೈಲ್ ಎಲ್ಲ ಸೇರಿ ದಿನಕ್ಕೆ ಎರಡು ಗಂಟೆಗಿಂತ ಕಡಿಮೆಯಿರಬೇಕು. ಎರಡು ವರ್ಷದೊಳಗಿನವರಿಗೆ, ಅಪರೂಪದ ವಿಡಿಯೊ ಕರೆ ಬಿಟ್ಟರೆ, ಬೇಡವೇ ಬೇಡ.

ತಂದುಕೊಟ್ಟ ದಿನ ಏನು ಹೇಳುತ್ತೀರಿ ಎಂಬುದೂ ಮುಖ್ಯ. ಅಮೆರಿಕದಲ್ಲಿ ಮನಶ್ಶಾಸ್ತ್ರಜ್ಞರಾದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಬುದ್ಧಿವಂತಿಕೆಗಾಗಿ ಹೊಗಳಿಸಿಕೊಂಡ ಮಕ್ಕಳು ಕಠಿಣ ಒಗಟುಗಳಲ್ಲಿ ಎಡವಿದ ಮೇಲೆ ಬೇಗ ಕೈಚೆಲ್ಲಿದರು. ಪ್ರಯತ್ನಕ್ಕಾಗಿ ಹೊಗಳಿಸಿಕೊಂಡವರು ಬಿಡದೆ ಮುಂದುವರಿದರು. "ಜಾಣ ಮರಿ" ಎನ್ನುವುದಕ್ಕಿಂತ "ಇನ್ನೂ ನೋಡೋ ಆಸೆ ಇದ್ದರೂ ಆಫ್ ಮಾಡಿದೆ, ನಾನು ನೋಡಿದೆ" ಎನ್ನಿ. ನೆಂಟರೆದುರು "ಇವನು ಭಾರಿ ಹಠಮಾರಿ" ಎಂದು ಹೇಳುವುದನ್ನು ಇಂದೇ ಬಿಡಿ. ಕೇಳಿದ್ದನ್ನೇ ಮಗು ತನ್ನ ಗುಣವೆಂದು ನಂಬುತ್ತದೆ.

ವಾರಗಟ್ಟಲೆ ಹೀಗೆ ನಡೆದರೂ ಸಿಟ್ಟು ತಗ್ಗದಿದ್ದರೆ, ತನಗೇ ಪೆಟ್ಟು ಮಾಡಿಕೊಳ್ಳುತ್ತಿದ್ದರೆ, ಊಟ, ನಿದ್ದೆ, ಶಾಲೆ ಕೆಟ್ಟಿದ್ದರೆ ತಜ್ಞರನ್ನು ಕಾಣಲು ತಡಮಾಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್ನೆಟ್ ಗೀಳಿಗೆಂದೇ 2014ರಿಂದ ಪ್ರತ್ಯೇಕ ಕ್ಲಿನಿಕ್ ಇದೆ.