ವರ್ಷಕ್ಕೆಂದು ಮಾಡಿಸಿದ ಖಾರದ ಪುಡಿ ಮಳೆಗಾಲಕ್ಕೇ ಯಾಕೆ ಕೆಡುತ್ತದೆ?

ಪ್ರಶ್ನೆ: ನಮ್ಮದು ದಾವಣಗೆರೆ. ಪ್ರತಿ ಬೇಸಿಗೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ತಂದು, ಒಣಗಿಸಿ, ವರ್ಷಕ್ಕಾಗುವಷ್ಟು ಖಾರದ ಪುಡಿ ಮಾಡಿಸುತ್ತೇವೆ. ಆಷಾಢದ ಹೊತ್ತಿಗೆ ಗಂಟು ಕಟ್ಟಿರುತ್ತದೆ. ದೀಪಾವಳಿಗೆ ಬಣ್ಣವೂ ಹೋಗಿರುತ್ತದೆ. ಒಂದೊಂದು ಸಲ ಹುಳ ಬೇರೆ. ಫ್ರಿಜ್‌ನಲ್ಲಿ ಇಟ್ಟರೆ ಸರಿಹೋಗುತ್ತಾ?

ಉತ್ತರ: ಫ್ರಿಜ್ ವಿಷಯಕ್ಕೆ ಆಮೇಲೆ ಬರೋಣ. ಗಿರಣಿಯಿಂದ ಪುಡಿ ಮನೆಗೆ ಬಂದ ದಿನ ಏನು ಮಾಡಿದಿರಿ? ಬಿಸಿ ಇರುವಾಗಲೇ ಡಬ್ಬಿಗೆ ತುಂಬಿ ಮುಚ್ಚಳ ಬಿಗಿದಿರಾ? ಬಹಳ ಮನೆಗಳಲ್ಲಿ ಹೀಗೇ ಆಗುತ್ತದೆ. ಗಿರಣಿಯ ತಿಕ್ಕಾಟಕ್ಕೆ ಪುಡಿ ಚೆನ್ನಾಗಿ ಕಾದಿರುತ್ತದೆ. ಒಳಗೆ ಉಳಿದ ಅಷ್ಟಿಷ್ಟು ತೇವ ಹಬೆಯಾಗಿ ಏಳುತ್ತದೆ. ಮುಚ್ಚಳಕ್ಕೆ ತಾಗಿ ತಣ್ಣಗಾಗಿ ಮತ್ತೆ ಪುಡಿಯ ಮೇಲೇ ಇಳಿಯುತ್ತದೆ. ಗಂಟು ಶುರುವಾಗುವುದು ಅಲ್ಲಿಂದ, ಮಳೆ ಬರುವ ಎಷ್ಟೋ ಮೊದಲೇ. ಪುಡಿ ತಂದ ತಕ್ಷಣ ಅಗಲವಾದ ತಟ್ಟೆಗಳಲ್ಲಿ ತೆಳ್ಳಗೆ ಹರಡಿ, ನೆರಳಲ್ಲಿ ಪೂರ್ತಿ ಆರಲು ಬಿಡಿ. ಬೇಗ ಆರಲಿ ಅಂತ ಫ್ಯಾನ್ ಮಾತ್ರ ಹಾಕಬೇಡಿ. ಮನೆಮಂದಿಯೆಲ್ಲ ಸೀನುತ್ತಾ ಕೂರಬೇಕಾಗುತ್ತದೆ!

ಇನ್ನು ಕಾಯಿ ಒಣಗಿಸುವುದು. ನಮ್ಮ ಕಡೆಯ ಏಪ್ರಿಲ್ ಬಿಸಿಲು ಗೊತ್ತಲ್ಲ, ಚಿತ್ರದುರ್ಗ, ಚಳ್ಳಕೆರೆ ಕಡೆಯಂತೂ ಕೇಳುವುದೇ ಬೇಡ. ಹಾಗಂತ ಮಾಳಿಗೆ ಮೇಲೆ ಹಾಕಿದ ಕಾಯಿಯೆಲ್ಲ ಒಣಗಿತು ಅಂತ ಅಲ್ಲ. ಬ್ಯಾಡಗಿ ಮೈಯೆಲ್ಲ ಸುಕ್ಕು. ಮೇಲೆ ಒಣಗಿದಂತೆ ಕಂಡರೂ ತೊಟ್ಟಿನ ಬುಡದಲ್ಲಿ ಪಸೆ ಇರುತ್ತದೆ. ಸಾಗಿಸುವಾಗ ಮುರಿಯದಿರಲಿ ಅಂತ ಕಾಯಿಗೆ ನೀರು ಚಿಮುಕಿಸುವುದೂ ಉಂಟು. ತೊಟ್ಟು ಮುರಿದರೆ ಟಕ್ ಅನ್ನಬೇಕು, ಕಿವಿಯ ಹತ್ತಿರ ಅಲ್ಲಾಡಿಸಿದರೆ ಬೀಜ ಸದ್ದು ಮಾಡಬೇಕು. ಬಾಗಿದರೆ ಇನ್ನೊಂದು ಬಿಸಿಲು ಬೇಕು. ವಾರಗಟ್ಟಲೆ ಬಿಸಿಲಲ್ಲೇ ಬಿಟ್ಟರೂ ಕಷ್ಟ, ಬಣ್ಣ ಹೋಗುತ್ತದೆ.

ಬ್ಯಾಡಗಿ ತರುವುದೇ ಬಣ್ಣಕ್ಕೆ ಅಲ್ವಾ? ಪಕ್ಕದ ಹಾವೇರಿ ಜಿಲ್ಲೆಯ ಈ ಕಾಯಿಗೆ 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ಹೆಸರು ಬಂದಿದ್ದೇ ಖಾರ ಕಮ್ಮಿ, ಕೆಂಪು ಜಾಸ್ತಿ ಅನ್ನುವುದಕ್ಕೆ. ಆ ಕೆಂಪನ್ನು ಕೊಡುವುದು ಮುಖ್ಯವಾಗಿ ಕ್ಯಾಪ್ಸ್ಯಾಂಥಿನ್ ಎಂಬ ಅಂಶ. ಅದಕ್ಕೆ ಬೆಳಕು, ಗಾಳಿ, ಬಿಸಿ ಮೂರೂ ಆಗಿಬರುವುದಿಲ್ಲ. ಖಾರ ಕೊಡುವ ಕ್ಯಾಪ್ಸೈಸಿನ್ ಮಾತ್ರ ಗಟ್ಟಿ ಪಿಂಡ, ಅಷ್ಟು ಬೇಗ ಹೋಗುವುದಿಲ್ಲ. ಅದಕ್ಕೇ ಹಳೇ ಪುಡಿ ಇಟ್ಟಿಗೆ ಬಣ್ಣಕ್ಕೆ ತಿರುಗಿದರೂ ನಾಲಿಗೆ ಚುರುಗುಟ್ಟುತ್ತದೆ. ಬಣ್ಣ ಬರಲಿ ಅಂತ ಇನ್ನೊಂದು ಚಮಚ ಹಾಕಿದರೆ ಸಾರು ಬರೀ ಖಾರ. ಗಾಜಿನ ಬಾಟಲಿಗಳನ್ನು ಕಿಟಕಿ ಪಕ್ಕ ಸಾಲಾಗಿ ಜೋಡಿಸಿದರೆ ನೋಡಲು ಚೆಂದ, ಅಷ್ಟೇ. ಒಲೆಯ ಮೇಲಿನ ಶೆಲ್ಫ್ ಇನ್ನೂ ಕೆಟ್ಟ ಜಾಗ. ಅಲ್ಲಿ ಬಿಸಿಯೂ ಇದೆ, ಕುಕ್ಕರಿನ ಹಬೆಯೂ ಇದೆ. ಕುದಿಯುವ ಪಾತ್ರೆಯ ಮೇಲೆ ಡಬ್ಬಿ ಹಿಡಿದು ಪುಡಿ ಉದುರಿಸುವ ಅಭ್ಯಾಸವನ್ನೂ ಬಿಡಿ.

ನನ್ನನ್ನು ಕೇಳಿದರೆ, ವರ್ಷಕ್ಕೆ ಬೇಕಾದ್ದನ್ನು ಕಾಯಿಯಾಗಿಯೇ ಇಟ್ಟುಕೊಂಡು ಎರಡು ಮೂರು ತಿಂಗಳಿಗಾಗುವಷ್ಟು ಮಾತ್ರ ಪುಡಿ ಮಾಡಿಸುವುದು ವಾಸಿ. ಕೊತ್ತಂಬರಿ ಬೀಜ, ಜೀರಿಗೆಗಂತೂ ಈ ಮಾತು ಇನ್ನೂ ಸರಿ. ಅವುಗಳ ಘಮ ಇರುವುದು ಗಾಳಿಗೆ ಹಾರಿಹೋಗುವ ಎಣ್ಣೆಯಲ್ಲಿ. ಇಡೀ ಕಾಳಿನಲ್ಲಿ ಅದು ಒಳಗೇ ಭದ್ರ, ಪುಡಿಯಾದರೆ ಕಾವಲು ಹೋಯಿತು. ಸಾಸಿವೆ ಬಗ್ಗೆ ಚಿಂತೆಯೇ ಬೇಡ. ಅದರ ಘಾಟು ಹುಟ್ಟುವುದೇ ಅರೆದು ನೀರು ತಾಗಿದ ಮೇಲೆ.

ಮನೆಯಲ್ಲಿ ಹಿರಿಯರು ಒಪ್ಪುವುದಿಲ್ಲ, ಒಂದೇ ಸಲ ಮಾಡಿಸಲೇಬೇಕು ಅಂತಾದರೆ ಪುಡಿಯನ್ನು ಚಿಕ್ಕ ಚಿಕ್ಕ ಸ್ಟೀಲ್ ಡಬ್ಬಿಗಳಿಗೆ ಹಂಚಿ. ಬಾಯಿವರೆಗೆ ಅದುಮಿ ತುಂಬಿ, ಒಳಗೆ ಗಾಳಿಗೆ ಜಾಗ ಇರಬಾರದು. ಒಂದು ಮುಗಿದ ಮೇಲೆ ಇನ್ನೊಂದು ತೆಗೆಯಿರಿ. ದೊಡ್ಡ ಡಬ್ಬಿಯನ್ನು ದಿನಾ ತೆಗೆದು ಹಾಕಿದರೆ ದಿನಾ ಹೊಸ ತೇವ ಒಳಗೆ ಹೋಗುತ್ತದೆ. ಕುಟ್ಟಿಸುವಾಗ ಕಲ್ಲುಪ್ಪು ಬೆರೆಸುವವರು ಒಂದು ವಿಷಯ ಗಮನಿಸಿ. ಗಾಳಿಯ ತೇವಾಂಶ ಶೇಕಡ 75 ದಾಟಿದರೆ ಉಪ್ಪು ನೀರು ಎಳೆದುಕೊಳ್ಳುತ್ತದೆ. ಜಿಟಿಜಿಟಿ ಮಳೆಯ ದಿನಗಳಲ್ಲಿ ಅದು ಸುಲಭವಾಗಿ ದಾಟುತ್ತದೆ. ಮುಚ್ಚಳ ಸಡಿಲವಿದ್ದರೆ ಉಪ್ಪು ಬೆರೆಸಿದ ಪುಡಿಯೇ ಮೊದಲು ಗಂಟಾಗುತ್ತದೆ.

ಹುಳ ಪುಡಿಯಲ್ಲಿ ತಾನಾಗಿ ಹುಟ್ಟುವುದಿಲ್ಲ. ಗೋಡೌನಿನಲ್ಲೋ ಅಂಗಡಿಯಲ್ಲೋ ಕಾಯಿಗೆ, ಕೊತ್ತಂಬರಿ ಬೀಜಕ್ಕೆ ಅಂಟಿದ ಮೊಟ್ಟೆ ಜೊತೆಗೇ ಬಂದಿರಬಹುದು, ಇಲ್ಲವೇ ಸಡಿಲ ಮುಚ್ಚಳದ ಸಂದಿಯಲ್ಲಿ ಚಿಕ್ಕ ಕಂದು ಹುಳ ನುಗ್ಗಿರಬಹುದು. ಡಬ್ಬಿಯಲ್ಲಿ ಇಂಗಿನ ತುಂಡು ಇಡುವ ರೂಢಿ ಇದೆ, ಬಿಡಬೇಕಾಗಿಲ್ಲ. ಆದರೆ ಒಳಗಿರುವ ಮೊಟ್ಟೆ ವಾಸನೆಗೆ ಸಾಯುತ್ತದೆ ಅಂತ ಸುಮ್ನೆ ಕೂರಬೇಡಿ. ಇಲ್ಲಿ ನಿಮ್ಮ ಫ್ರಿಜ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಮೇಲಿನ ಫ್ರೀಜರ್‌ನಲ್ಲಿ, ಅಂದರೆ ಮೈನಸ್ 18 ಡಿಗ್ರಿಯ ಆಸುಪಾಸಿನಲ್ಲಿ, ಒಂದು ವಾರ ಇಟ್ಟರೆ ಹುಳವೂ ಮೊಟ್ಟೆಯೂ ಸಾಯುತ್ತವೆ.

ದಿನಾ ಬಳಸುವ ಡಬ್ಬಿಗೆ ಮಾತ್ರ ಫ್ರಿಜ್ ಬೇಡ. ತಣ್ಣನೆ ಡಬ್ಬಿ ಹೊರಗೆ ತೆಗೆದು ಮುಚ್ಚಳ ಬಿಚ್ಚಿದರೆ ಗಾಳಿಯ ತೇವವೆಲ್ಲ ಪುಡಿಗೇ ಅಂಟುತ್ತದೆ. ದಾಸ್ತಾನು ಪ್ಯಾಕೆಟ್‌ಗಳನ್ನು ಇಡಬಹುದು. ತೆಗೆದ ಮೇಲೆ ಪೂರ್ತಿ ಹೊರಗಿನ ಬಿಸಿಗೆ ಬರುವ ತನಕ ಬಿಚ್ಚಬಾರದು. ಒಣಕೊಬ್ಬರಿ ಹಾಕಿದ ಮಸಾಲೆ ಖಾರ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿಗಳ ಲೆಕ್ಕ ಬೇರೆ. ಅವುಗಳ ಎಣ್ಣೆಗೆ ಬೇಗ ಕಮಟು ಬರುತ್ತದೆ. ಸ್ವಲ್ಪ ಸ್ವಲ್ಪವೇ ಮಾಡಿ, ಮಿಕ್ಕಿದ್ದನ್ನು ಫ್ರಿಜ್‌ಗೇ ಹಾಕಿ.

ಈಗ ಮನೆಯಲ್ಲಿರುವ ಗಂಟು ಪುಡಿ ಏನು ಮಾಡುವುದು? ಗಂಟು ಒಡೆದು ಮೂಸಿ ನೋಡಿ. ಖಾರದ ವಾಸನೆಯೇ ಇದ್ದು, ಬೂಷ್ಟು ಕಾಣದಿದ್ದರೆ ಜರಡಿ ಹಿಡಿದು ಬೇಗ ಖರ್ಚು ಮಾಡಿ. ಬಿಸಿಲಿಗೆ ಹರಡಬೇಡಿ, ಉಳಿದ ಬಣ್ಣವೂ ಹೋಗುತ್ತದೆ. ಮುಗ್ಗು ವಾಸನೆ ಬಂದರೆ, ಬಿಳಿ ಅಥವಾ ಹಸಿರು ಬೂಷ್ಟು ಕಂಡರೆ ಪೂರ್ತಿ ಚೆಲ್ಲಿ. ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತವೆ. ಅದು ಜರಡಿಗೂ ಸಿಗುವುದಿಲ್ಲ, ಸಾರು ಕುದಿಸಿದರೂ ಹೋಗುವುದಿಲ್ಲ.